ಹತ್ತು ಸಲ ಹೋಗಿ ಬರಬಹುದಾದ ಥೀಸಿಸ್

ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ, ಐದು ವರ್ಷದ ಕೋರ್ಸು, ಹತ್ತು ಸೆಮಿಸ್ಟರು. ಕೊನೆಯದು ಥೀಸಿಸ್‌ಗೆ, ಒಬ್ಬೊಬ್ಬರೂ ಸ್ವಂತ ಟಾಪಿಕ್ ಆರಿಸಿ ಮಾಡುವ ಡಿಸೈನ್ ಪ್ರಾಜೆಕ್ಟಿಗೆ. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಕ್ಯಾಂಟೀನಿನಲ್ಲಿ, ಹಾಸ್ಟೆಲಿನ ಮೆಟ್ಟಿಲಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿರುತ್ತದೆ: "ನಿನ್ನ ಟಾಪಿಕ್ ಎಂತ ಮಾರಾಯ?" ಉತ್ತರವಾಗಿ ಬರುವುದು ಹೆಚ್ಚಾಗಿ ಒಂದು ಕಟ್ಟಡದ ಹೆಸರು. ಯಕ್ಷಗಾನ ಕೇಂದ್ರ, ಓಷನೇರಿಯಂ, ಕನ್ವೆನ್ಷನ್ ಸೆಂಟರ್, ಕ್ರೂಸ್ ಟರ್ಮಿನಲ್. ಹೆಸರು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತೆಂದು ಒಂದು ವಾರ ನೆಮ್ಮದಿ. ಆದರೆ ಕಟ್ಟಡದ ಹೆಸರಿನೊಳಗೆ ಪ್ರಶ್ನೆಯೇ ಇರುವುದಿಲ್ಲ. ಪ್ರಶ್ನೆ ಇಲ್ಲದಿದ್ದರೆ ಗೈಡ್ ಯಾವುದನ್ನು ತಿದ್ದಬೇಕು, ಕೊನೆಗೆ ಅಂಕ ಕೊಡಲು ಕೂರುವ ಜ್ಯೂರಿ ಯಾವುದನ್ನು ಅಳೆಯಬೇಕು?

ಟಾಪಿಕ್ ಆರಿಸಲು ನೂರಾರು ಸಲಹೆಗಳಿವೆ. ಕರಾವಳಿಯಲ್ಲಿ ಓದುವವರಿಗೆ ಒಂದೇ ಪರೀಕ್ಷೆ ಸಾಕು: ಆ ಸೈಟಿಗೆ ಬಸ್ಸಿನಲ್ಲಿ ಹೋಗಿ ಅದೇ ದಿನ ಬರಬಹುದೇ? ಒಂದು ಸಲವಲ್ಲ, ಹತ್ತು ಸಲ? ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿ, ಇಳಿದು, ನಡೆದು, ನೋಡಿ, ಊಟದ ಹೊತ್ತಿಗೆ ಕಾಲೇಜಿಗೆ ಮರಳುವಂತಿದ್ದರೆ ಆ ಟಾಪಿಕ್ ಉಳಿಯುತ್ತದೆ. ಲಡಾಖಿನ ಧ್ಯಾನಕೇಂದ್ರ ಚಂದವಿರಬಹುದು. ಒಂದು ಸಲ ಹೋಗಿ, ನಾನೂರು ಫೋಟೊ ತಂದು, ಉಳಿದ ಮೂರೂವರೆ ತಿಂಗಳು ಆ ಫೋಟೊಗಳನ್ನೇ ತಿರುವಿ ಹಾಕಬೇಕಾಗುತ್ತದೆ. ಎರಡನೇ ರಿವ್ಯೂನಲ್ಲಿ "ಆ ಮೂಲೆಯಲ್ಲಿ ನೀರು ಎತ್ತ ಹರಿಯುತ್ತದೆ?" ಎಂದು ಕೇಳಿದಾಗ ಹೇಳಲು ಏನೂ ಇರುವುದಿಲ್ಲ. ಸಾಮಾನ್ಯವಾಗಿ ಸೋಲುವುದು ಡಿಸೈನಿನ ಕೊರತೆಯಿಂದ ಅಲ್ಲವೇ ಅಲ್ಲ, ಇಂಥ ಸಣ್ಣ ಪ್ರಶ್ನೆಗಳ ಮುಂದೆ.

ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. ಮಂಗಳೂರಿನ ಬಂದರು ದಕ್ಕೆ, ಬೋಟುಗಳು ಬಂದು ಮೀನು ಇಳಿಸುವ ಕಟ್ಟೆ. "ಫಿಶಿಂಗ್ ಹಾರ್ಬರ್ ಅಭಿವೃದ್ಧಿ" ಎಂದು ಸಿನಾಪ್ಸಿಸ್ (ಟಾಪಿಕ್ ಒಪ್ಪಿಸಲು ಕೊಡುವ ಸಾರಾಂಶ) ಬರೆದರೆ ಅದರೊಳಗೆ ಆರೇಳು ಥೀಸಿಸ್ ಇವೆ. ಬೋಟ್ ರಿಪೇರಿ, ಐಸ್ ಪ್ಲಾಂಟ್, ಡೀಸೆಲ್ ಬಂಕು, ಬಲೆ ಹೆಣೆಯುವ ಜಾಗ, ಹರಾಜು, ಲಾರಿ ನಿಲ್ಲುವ ಯಾರ್ಡ್. ಹದಿನಾರು ವಾರದಲ್ಲಿ ಒಬ್ಬರು ಇವೆಲ್ಲವನ್ನೂ ಬಿಡಿಸಲು ಹೊರಟರೆ ಎಲ್ಲವೂ ಖಾಲಿ ಡಬ್ಬಿಗಳಾಗಿ ಉಳಿಯುತ್ತವೆ. ಬದಲಿಗೆ ಒಂದೇ ಎಳೆ ಹಿಡಿಯಬೇಕು: ಬೋಟಿನಿಂದ ಇಳಿದ ಮೀನು, ಅದನ್ನು ಕೊಂಡು ಊರೊಳಗೆ ಮಾರುವ ಹೆಂಗಸಿನ ಬುಟ್ಟಿ ಸೇರಿ, ಬುಟ್ಟಿ ರಿಕ್ಷಾ ಅಥವಾ ಬಸ್ಸು ಸೇರುವವರೆಗೆ. ಆ ದಾರಿಯಲ್ಲಿ ಅವಳಿಗೆ ನೆರಳೆಲ್ಲಿ, ನೀರೆಲ್ಲಿ, ಐಸ್ ಎಲ್ಲಿ, ಶೌಚಾಲಯ ಎಲ್ಲಿ? ಈಗ ಅದೊಂದು ಪ್ರಶ್ನೆಯಾಯಿತು. ಕಟ್ಟಡ ಆಮೇಲೆ ಬರಲಿ. ಬಹುಶಃ ಅದು ಆರುನೂರು ಚದರ ಮೀಟರಿನ ಒಂದು ಉದ್ದ ಮಾಡು (ಛಾವಣಿ) ಮಾತ್ರ ಆಗಬಹುದು. ಆದರೆ ಆಗಲಿ. ಚಿಕ್ಕ ಕಟ್ಟಡವನ್ನು ಗಟಾರದವರೆಗೆ ಬಿಡಿಸಿದವರನ್ನು ಜ್ಯೂರಿಯಲ್ಲಿ ಯಾರೂ "ಸಣ್ಣದಾಯಿತು" ಎಂದು ಕಳಿಸುವುದಿಲ್ಲ. ಕಾಲೇಜಿನ ನಿಯಮದಲ್ಲಿ ಕನಿಷ್ಠ ವಿಸ್ತೀರ್ಣ ಬರೆದಿದ್ದರೆ ಮಾತ್ರ ಮೊದಲೇ ಗೈಡ್ ಹತ್ತಿರ ಕೇಳಿಕೊಳ್ಳಿ; ಅಷ್ಟಿದ್ದರೆ ಐಸ್ ಮತ್ತು ಹರಾಜನ್ನು ಸೇರಿಸಿಕೊಂಡರಾಯಿತು.

ಸಿನಾಪ್ಸಿಸ್ ಒಂದು ಪುಟ ದಾಟಬಾರದು. ಯಾರಿಗಾಗಿ, ಎಲ್ಲಿ, ಈಗ ಅಲ್ಲಿ ಏನು ನಡೆಯುತ್ತಿದೆ, ನಿಮ್ಮ ಡಿಸೈನು ಅದರಲ್ಲಿ ಯಾವುದನ್ನು ಬದಲಿಸುತ್ತದೆ. ಕೊನೆಗೆ ಒಂದು ಸಾಲು, ಯಾವುದನ್ನು ನೀವು ಮುಟ್ಟುವುದಿಲ್ಲ ಎಂದು. ಆ ಕೊನೆಯ ಸಾಲನ್ನು ಹೆಚ್ಚಿನವರು ಬರೆಯುವುದಿಲ್ಲ. ಬರೆದಿಟ್ಟರೆ ಏಪ್ರಿಲಿನಲ್ಲಿ ಯಾರಾದರೂ "ಇದಕ್ಕೊಂದು ಮ್ಯೂಸಿಯಮ್ಮೂ ಸೇರಿಸಬಹುದಿತ್ತಲ್ಲ" ಎಂದಾಗ ಅದೇ ಸಾಲು ಕಾಯುತ್ತದೆ.

ಇನ್ನು ಆ ಹತ್ತು ಭೇಟಿಗಳು. ಒಂದೇ ಹೊತ್ತಿಗೆ ಹತ್ತು ಸಲ ಹೋದರೆ ಒಂದು ಸಲ ಹೋದಂತೆಯೇ. ದಕ್ಕೆಗಾದರೆ ಎರಡು ಸಲ ಬೆಳಕು ಹರಿಯುವ ಮುಂಚೆ, ಒಮ್ಮೆ ಮಧ್ಯಾಹ್ನದ ಉರಿಯಲ್ಲಿ, ಒಮ್ಮೆ ಸಂಜೆ, ಒಮ್ಮೆ ಭಾನುವಾರದ ರಶ್ಶಿನಲ್ಲಿ, ಒಮ್ಮೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರಕ್ಕೆ. ಒಂದು ದಿನ ಲೆವೆಲ್ (ನೆಲದ ಏರಿಳಿತ) ತೆಗೆಯಲು, ಒಂದು ದಿನ ಟೇಪು ಹಿಡಿದು ಅಳೆಯಲು, ಒಂದು ದಿನ ಮಾತಾಡಲು. ಹತ್ತನೆಯದು, ಬಿಡಿಸಿದ್ದನ್ನು ಅಲ್ಲಿನವರಿಗೇ ತೋರಿಸಲು. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ಹಾಗಾಗಿ "ಕಳೆದ ವಾರ ಏಳು ಗಂಟೆಗೆ ನೀರು ಇಷ್ಟಿತ್ತು" ಎಂಬ ನೆನಪು ಈ ವಾರಕ್ಕೆ ಉಪಯೋಗಕ್ಕಿಲ್ಲ. ಟೈಡ್ ಟೇಬಲ್ ನೋಡಿಕೊಂಡು ಹೊರಡಬೇಕು.

ಕ್ಯಾಲೆಂಡರಿನ ಇನ್ನೊಂದು ಬಲೆ ಇದಕ್ಕಿಂತ ದೊಡ್ಡದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿರುತ್ತವೆ. ಆಗ ಹೋದವರಿಗೆ ದಕ್ಕೆ ಎಂದರೆ ವಿಶಾಲವಾದ, ಶಾಂತವಾದ ಜಾಗ. "ಇಲ್ಲಿ ಪ್ಲಾಜಾ ಮಾಡಬಹುದು" ಎನಿಸುತ್ತದೆ. ಋತು ಶುರುವಾದ ಮೇಲೆ ಅದೇ ಜಾಗದಲ್ಲಿ ಕಾಲಿಡಲು ಎಡೆಯಿಲ್ಲ. ಫೆಬ್ರವರಿಯಲ್ಲಿ ಸೆಮಿಸ್ಟರ್ ಶುರುವಾದರೆ ಓಡಾಟವನ್ನು ಮೇ ಒಳಗೆ ಮುಗಿಸಬೇಕು. ಮಳೆಯನ್ನು ಮಾತ್ರ ಲೆಕ್ಕದಲ್ಲೇ ನೋಡಬೇಕಾಗುತ್ತದೆ. ಉಡುಪಿಯ ರಥಬೀದಿ ಹಿಡಿದವರಿಗೂ ಇದೇ ಮಾತು. ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ಬರುವುದು ಎರಡು ವರ್ಷಕ್ಕೊಮ್ಮೆ, ಜನವರಿಯಲ್ಲಿ. ಆ ಜನಜಂಗುಳಿಗಾಗಿ ಡಿಸೈನ್ ಮಾಡುತ್ತೇನೆಂದು ಹೊರಟವರು ಅದನ್ನು ಕಣ್ಣಾರೆ ನೋಡುವ ವರ್ಷ ತಮ್ಮದೋ ಅಲ್ಲವೋ ಎಂದು ಮೊದಲು ಎಣಿಸಿಕೊಳ್ಳಲಿ.

ಅಲ್ಲಿ ಹೋಗಿ ಮಾಡುವುದೇನು? ಗೂಗಲ್ ಫಾರ್ಮ್ ಕಳಿಸಿ ನೂರು ಉತ್ತರ ತರಿಸಿ ಪೈ ಚಾರ್ಟ್ ಹಾಕುವುದನ್ನು ದಯವಿಟ್ಟು ಬಿಡಿ. ಆ ನೂರರಲ್ಲಿ ತೊಂಬತ್ತು ನಿಮ್ಮ ಕ್ಲಾಸಿನವರೇ. ಮೀನು ಮಾರುವವರು ಒಬ್ಬರೂ ಇರುವುದಿಲ್ಲ. ಒಂದು ಗೇಟಿನ ಬಳಿ ನಿಂತು, ಹದಿನೈದು ನಿಮಿಷದ ತುಂಡುಗಳಲ್ಲಿ, ಒಳಗೆ ಬಂದವರು ಎಷ್ಟು, ಬುಟ್ಟಿ ಹೊತ್ತವರು ಎಷ್ಟು, ಕೈಗಾಡಿ ಎಷ್ಟು, ಟೆಂಪೊ ಎಷ್ಟು ಎಂದು ಗೆರೆ ಎಳೆಯುತ್ತ ಹೋಗಿ. ನಾಲ್ಕು ಗೆರೆ, ಐದನೆಯದು ಅಡ್ಡ. ಐದೂವರೆಯಿಂದ ಎಂಟೂವರೆವರೆಗೆ ಎಣಿಸಿದರೆ ಹನ್ನೆರಡು ತುಂಡು. ಅದರಲ್ಲಿ ಅತಿ ಹೆಚ್ಚು ಬಂದ ತುಂಡೇ ನಿಮ್ಮ ಬಾಗಿಲಿನ ಅಗಲ, ನೆಲದ ವಿಸ್ತೀರ್ಣ, ನಲ್ಲಿಗಳ ಸಂಖ್ಯೆ ಎಲ್ಲವನ್ನೂ ಹೇಳುತ್ತದೆ. ಸರಾಸರಿ ಹಿಡಿದರೆ ಕೆಟ್ಟಿತು. ಜನ ಸರಾಸರಿಯಲ್ಲಿ ಬರುವುದಿಲ್ಲ.

ಮಾತಾಡಿಸುವಾಗ "ನಿಮಗೆ ಶೌಚಾಲಯ ಬೇಕಾ ಅಕ್ಕಾ?" ಎಂದು ಕೇಳಬೇಡಿ. "ಬೇಕು" ಎಂದೇ ಹೇಳುತ್ತಾರೆ, ಏನು ಕೇಳಿದರೂ ಹಾಗೆಯೇ. "ನಿನ್ನೆ ಎಷ್ಟು ಗಂಟೆಗೆ ಬಂದ್ರಿ? ಆಮೇಲೆ ಎಲ್ಲಿ ಕೂತ್ರಿ? ಬುಟ್ಟಿ ಯಾರ ಹತ್ರ ಬಿಟ್ರಿ?" ಎಂದು ನಿನ್ನೆಯ ದಿನವನ್ನು ಕೇಳಿ. ತುಳು ಬಾರದಿದ್ದರೆ ಬರುವ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಸರ್ವೆಗೆ ಬಂದ ಆಫೀಸಿನವರೆಂದುಕೊಂಡು ಮಾತು ನಿಲ್ಲುತ್ತದೆ. ಹೀಗೆ ಹನ್ನೆರಡು ಜನರ ಒಂದೊಂದು ದಿನ ಗಂಟೆಗಂಟೆಗೆ ಬರೆದುಕೊಂಡರೆ ಸಾಕು. ಫೋಟೊ ತೆಗೆಯುವ ಮೊದಲು ಕೇಳಿ. ಯಾವುದೇ ಕಚೇರಿಗೆ ಹೋಗುವುದಿದ್ದರೂ ಕಾಲೇಜಿನ ಲೆಟರ್‌ಹೆಡ್ಡಿನ ಪತ್ರದ ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಮುಂದಿನ ಸಲ "ನೀವು ಯಾರು?" ಎಂದಾಗ ಆ ಸೀಲೇ ಮಾತಾಡುತ್ತದೆ.

ಸೈಟಿನ ದಾಖಲೆಗಳಲ್ಲಿ ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಜಾಗ ಎಂದರೆ ಸೆಂಟ್ಸು. ಘಟ್ಟದ ಮೇಲೆ ಗುಂಟೆ. ಒಂದು ಎಕರೆ ಎಂದರೆ ನೂರು ಸೆಂಟ್ಸ್, ಅಥವಾ ನಲವತ್ತು ಗುಂಟೆ, 4,047 ಚದರ ಮೀಟರ್. ಒಂದು ಸೆಂಟ್ 435.6 ಚದರ ಅಡಿ. ಇಲ್ಲಿನ ಪಹಣಿಯಲ್ಲಿನ ಇಪ್ಪತ್ತೈದನ್ನು ಗುಂಟೆ ಎಂದು ಓದಿಕೊಂಡರೆ ಅರುವತ್ತೆರಡೂವರೆ ಸೆಂಟ್ಸ್ ಆಗಿಬಿಡುತ್ತದೆ, ಇರುವುದಕ್ಕಿಂತ ಎರಡೂವರೆ ಪಟ್ಟು. ಹುಬ್ಬಳ್ಳಿ, ಮೈಸೂರು ಕಡೆಯಿಂದ ಬಂದವರು ಇದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಸರ್ಕಾರದ ದಿಶಾಂಕ್ ಆಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಗಡಿಯ ಗೆರೆಗೆ ಮಾತ್ರ ಅದನ್ನೇ ನಂಬಬೇಡಿ, ಸರ್ವೆ ಸ್ಕೆಚ್ ನೋಡಿ.

ನೀರಿನ ಪಕ್ಕದ ಸೈಟಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಮೊದಲ ವಾರದಲ್ಲೇ ನೋಡಬೇಕಾದ ಸಂಗತಿ. 2019ರ ಅಧಿಸೂಚನೆಯಂತೆ ಸಮುದ್ರದ ಉಬ್ಬರದ ಗೆರೆಯಿಂದ ಒಳನಾಡಿಗೆ 500 ಮೀಟರ್ ಇದರ ವ್ಯಾಪ್ತಿ. ಉಬ್ಬರದ ನೀರು ಏರುವ ನದಿ, ಹೊಳೆಯ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ದಕ್ಕೆ ಇರುವುದು ಗುರುಪುರ ನದಿಯ ದಡದಲ್ಲಿ, ಅಳಿವೆಗೆ ಹತ್ತಿರ. ಊರೊಳಗಿನ ಭಾಗಕ್ಕೂ ಹಳ್ಳಿಯ ಕಡಲ ತೀರಕ್ಕೂ ನಿಯಮ ಬೇರೆ ಬೇರೆ, ಹಾಗಾಗಿ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಯಾವ ವರ್ಗದಲ್ಲಿದೆ ಎಂದು ಬೆರಳಿಟ್ಟು ನೋಡಿ. ಮಜವೆಂದರೆ, ಹರಾಜು ಮಾಡು, ಮೀನು ಒಣಗಿಸುವ ಕಳ, ಬಲೆ ಹೆಣೆಯುವ ಚಪ್ಪರ, ಐಸ್ ಘಟಕ ಇವೆಲ್ಲ ನೀರಿನ ಪಕ್ಕವೇ ಇರಬೇಕಾದ್ದು ಎಂದು ನಿಯಮವೇ ಒಪ್ಪುತ್ತದೆ. ಅದೇ ಜಾಗದಲ್ಲಿ ರೆಸಾರ್ಟೋ ಮ್ಯೂಸಿಯಮ್ಮೋ ಎಂದರೆ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಮೀನು ಮಾರುವವಳ ಪ್ರಶ್ನೆ ಹಿಡಿದವರಿಗೆ ಕಾನೂನೂ ದಾರಿ ಬಿಡುತ್ತದೆ ಅನ್ನಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಆಚೆಗೆ 200 ಮೀಟರಿಗೆ ಅನುಮತಿ ಬೇಕು. ಬಜಪೆ ಕಡೆಯ ಸೈಟಿಗೆ ವಿಮಾನ ನಿಲ್ದಾಣದ ಎತ್ತರದ ಮಿತಿ ಬೇರೆ.

ಲೆವೆಲ್ ವಿಷಯಕ್ಕೆ ಬರೋಣ; ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸರ್ವೆ ಆಫ್ ಇಂಡಿಯಾದ 1:50,000ರ ಟೋಪೋಶೀಟಿನಲ್ಲಿ (ಎತ್ತರ ತೋರಿಸುವ ನಕ್ಷೆಯಲ್ಲಿ) ಕಾಂಟೂರ್, ಅಂದರೆ ಸಮ ಎತ್ತರದ ಗೆರೆಗಳ ಅಂತರ 20 ಮೀಟರ್. ಮಂಗಳೂರಿನಂಥ ಏರಿಳಿತದ ಊರಲ್ಲಿ ಎರಡು ಗೆರೆಯ ನಡುವೆ ಆರು ಮಹಡಿ ಅಡಗಿ ಕೂರುತ್ತದೆ. ಗೂಗಲ್ ಅರ್ತ್‌ನ ಎತ್ತರ ಮರದ ತಲೆಯದ್ದೋ ನೆಲದ್ದೋ ಎಂದು ಹೇಳಲಾಗದು. ಸಿವಿಲ್ ವಿಭಾಗದಿಂದ ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಸಿಕ್ಕಿದರೆ ಪುಣ್ಯ. ಸಿಗದಿದ್ದರೆ ಮೇಸ್ತ್ರಿಗಳ ನೀರಿನ ಪೈಪು ಇದೆ. ಹದಿನೈದು ಮೀಟರಿನ ಪಾರದರ್ಶಕ ಪೈಪು ತಂದು, ಒಂದು ತುದಿಯನ್ನು ಬಕೆಟಿನಲ್ಲಿಟ್ಟು ಇನ್ನೊಂದರಿಂದ ಎಳೆದು ನೀರು ತುಂಬಿ. ಒಂದೇ ಒಂದು ಗುಳ್ಳೆ ಒಳಗಿದ್ದರೂ ಲೆಕ್ಕ ಹಾಳು. ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ, ಬೆರಳಿನಿಂದ ತಟ್ಟುತ್ತ ಗುಳ್ಳೆಯನ್ನು ಹೊರಗೆ ಓಡಿಸಿ. ಎರಡು ರೀಪಿಗೆ ಟೇಪು ಅಂಟಿಸಿದರೆ ಸ್ಟಾಫ್, ಅಂದರೆ ಅಳತೆಕೋಲು ಆಯಿತು. ಕದಲದ ಒಂದು ಬಿಂದು ಆರಿಸಿ, ಮೋರಿಯ ಮೂಲೆಯೋ ಕರೆಂಟು ಕಂಬದ ಕಾಂಕ್ರೀಟೋ, ಅದಕ್ಕೆ 100.00 ಎಂದು ಹೆಸರಿಡಿ. ಒಬ್ಬರು ಅಲ್ಲಿ, ಇನ್ನೊಬ್ಬರು ಹತ್ತು ಮೀಟರ್ ಆಚೆ. ಎರಡೂ ತುದಿಯ ಹೆಬ್ಬೆರಳು ತೆಗೆದು, ನೀರು ಕುಣಿಯುವುದು ನಿಂತ ಮೇಲೆ ಇಬ್ಬರೂ ಕೂಗಿ ಓದಿ. ಎರಡು ಓದಿನ ವ್ಯತ್ಯಾಸವೇ ನೆಲದ ವ್ಯತ್ಯಾಸ. ನಡುವೆ ಯಾರಾದರೂ ಪೈಪನ್ನು ಮೆಟ್ಟಿದರೆ, ಅಥವಾ ಒಂದು ತುದಿ ಬಗ್ಗಿ ನೀರು ಚೆಲ್ಲಿದರೆ, ಹಿಂದಿನ ಬಿಂದುವಿನಿಂದ ಮತ್ತೆ ಶುರು. ಮೂರು ಎಕರೆಗೆ ಹತ್ತು ಮೀಟರಿನ ಚೌಕ ಹಾಕಿದರೆ ನೂರಿಪ್ಪತ್ತು ಬಿಂದು, ಒಂದಿಡೀ ದಿನದ ಕೆಲಸ. ಕೊನೆಗೆ ಶುರು ಮಾಡಿದ ಬಿಂದುವಿಗೇ ವಾಪಸ್ ಬಂದು ನೋಡಿ. ಎರಡು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿದ್ದರೆ ಎಲ್ಲೋ ಗುಳ್ಳೆ ಇತ್ತು.

ಗುಡ್ಡದ ಸೈಟಿನವರಿಗೆ ಮಣ್ಣಿನ ಒಂದು ಮಾತು. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ಬಲವೆಲ್ಲ ಹೋಗಿ ಜಾರುತ್ತದೆ. ಮಾರ್ಚಿನಲ್ಲಿ ಸೈಟ್ ನೋಡಿದ ವಿದ್ಯಾರ್ಥಿ ಸೆಕ್ಷನ್ನಿನಲ್ಲಿ (ಕಟ್ಟಡವನ್ನೂ ನೆಲವನ್ನೂ ಸೀಳಿ ತೋರಿಸುವ ಚಿತ್ರದಲ್ಲಿ) ಆರು ಮೀಟರ್ ನೇರ ಕಡಿತ ಹಾಕಿ ಬೇಸ್ಮೆಂಟ್ ಇಡುವುದು ಇದಕ್ಕೇ. ಮಾರ್ಚಿನಲ್ಲಿ ಎಲ್ಲ ಗುಡ್ಡವೂ ಗಟ್ಟಿ. ಪಕ್ಕದಲ್ಲಿ ಕಡಿದ ರಸ್ತೆ ಇದ್ದರೆ ಅದರ ಬದಿ ನೋಡಿ, ಪದರಗಳು ತಾವಾಗಿಯೇ ಕಾಣುತ್ತವೆ. ಕಡಿತವನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆಯಿರಿ, ಪ್ರತಿ ಮೆಟ್ಟಿಲಿಗೂ ಮೇಲಿನಿಂದ ಬರುವ ನೀರನ್ನು ತಿರುಗಿಸುವ ಚರಂಡಿ ಕೊಡಿ.

ಕೇಸ್ ಸ್ಟಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣಾರೆ ಎರಡು ನೋಡಿ, ಓದಿನಿಂದ ಎರಡು. ದಕ್ಕೆ ಆರಿಸಿದವರು ಮಲ್ಪೆಯ ಮೀನುಗಾರಿಕೆ ಬಂದರಿಗೆ ಹೋಗದಿದ್ದರೆ ಅದು ಕಳ್ಳಾಟ. ಫೋಟೊಗಿಂತ ಅಳತೆ ತನ್ನಿ: ಎರಡು ಕಂಬದ ನಡುವಿನ ಅಂತರ, ಸೂರಿನ ಎತ್ತರ, ಒದ್ದೆ ನೆಲದ ಇಳಿಜಾರು, ಚರಂಡಿಯ ಮೇಲಿನ ಜಾಲರಿ ಕಿತ್ತುಹೋಗಿದೆಯೋ ಇಲ್ಲವೋ. ನೂರಕ್ಕೆ ಒಂದರಷ್ಟೂ ಇಳಿಜಾರಿಲ್ಲದ ನೆಲದಲ್ಲಿ ಮೀನಿನ ನೀರು ಹೇಗೆ ಮಡುಗಟ್ಟಿ ನಿಲ್ಲುತ್ತದೆಂದು ಒಮ್ಮೆ ಮೂಗಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಏರಿಯಾ ಸ್ಟೇಟ್‌ಮೆಂಟಿನಲ್ಲಿ (ವಿಸ್ತೀರ್ಣದ ಪಟ್ಟಿಯಲ್ಲಿ) ಎಲ್ಲರದ್ದೂ ಒಂದೇ ತಪ್ಪು: ಕೋಣೆಗಳನ್ನು ಕೂಡಿಸಿ ಮೇಲೆ ಶೇಕಡಾ 15 ಓಡಾಟಕ್ಕೆಂದು ಸೇರಿಸುವುದು. ಗೋಡೆ, ಮೆಟ್ಟಿಲು, ಕಾರಿಡಾರು ಸೇರಿದರೆ ಶೇಕಡಾ 30–35 ಬೇಕು. ಆಸ್ಪತ್ರೆಗೆ ಇನ್ನೂ ಹೆಚ್ಚು. ಪಂಪ್ ರೂಮು, ಸಂಪು, ಜನರೇಟರು, ಕಸದ ಜಾಗ ಮೊದಲ ಪಟ್ಟಿಯಲ್ಲಿ ಯಾವತ್ತೂ ಇರುವುದಿಲ್ಲ. ಒಂದು ಕಾರು ನಿಲ್ಲುವುದು ಹನ್ನೆರಡೂವರೆ ಚದರ ಮೀಟರಿನಲ್ಲಿ, ಆದರೆ ತಿರುಗುವ ದಾರಿ ಸೇರಿ 25ರಿಂದ 30. ಅರುವತ್ತು ಕಾರೆಂದರೆ 1,500 ಮೀರಿತು; ಒಂದೆಕರೆ ಸೈಟಿನಲ್ಲಿ ಮೂರರಲ್ಲೊಂದು ಭಾಗ ಕಾರಿಗೇ ಹೋಯಿತು. ರಾಂಪಿನ ಇಳಿಜಾರು 1:12, ಒಂದು ಏರಲು ಹನ್ನೆರಡು ಉದ್ದ. ಮಳೆಗೆ ಹೆದರಿ ನೆಲವನ್ನು 60 ಸೆಂ.ಮೀ. ಎತ್ತರಿಸಿದರೆ ರಾಂಪಿಗೆ 7.2 ಮೀಟರ್ ಉದ್ದ ಬೇಕು, ನಿಲ್ಲುವ ಜಾಗ ಬೇರೆ. ಕೊನೆಗೆ ತುರುಕಿದ ರಾಂಪು ಯಾವಾಗಲೂ ಶೌಚಾಲಯದ ಬಾಗಿಲಿಗೇ ಹೋಗಿ ಮುಟ್ಟುತ್ತದೆ!

ಮಾಡಿನ ಲೆಕ್ಕವನ್ನು ಕಾನ್ಸೆಪ್ಟ್ ಶೀಟಿಗೂ ಮೊದಲೇ ಮಾಡಿಬಿಡಿ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮೀರಿ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗಂಟೆಗೆ ನೂರು ಮಿ.ಮೀ. ವೇಗದ ಹೊಡೆತ ಹಿಡಿದರೆ ಆರುನೂರು ಚದರ ಮೀಟರಿನ ಮಾಡಿನಿಂದ ನಿಮಿಷಕ್ಕೆ ಸಾವಿರ ಲೀಟರ್ ಇಳಿಯುತ್ತದೆ. ಎರಡು ಕಡೆ ಸೂರಿದ್ದರೆ ಒಂದೊಂದಕ್ಕೆ ಐನೂರು. ಆ ನೀರು ಬುಟ್ಟಿ ಹೊತ್ತು ನಿಂತವಳ ಕಾಲ ಮೇಲೆ ಬೀಳುತ್ತದೋ ಚರಂಡಿಗೋ ಎಂಬುದೇ ಡಿಸೈನು. ಮೂವತ್ತು ಡಿಗ್ರಿ ಇಳಿಜಾರಿಗೆ ಆ ಮಾಡು ಸುಮಾರು 690 ಚದರ ಮೀಟರ್ ಆಗುತ್ತದೆ. ಮಂಗಳೂರು ಹಂಚು ಚದರ ಮೀಟರಿಗೆ ಹದಿನೈದರಂತೆ ಹತ್ತು ಸಾವಿರ ಚಿಲ್ಲರೆ. ಒಂದೊಂದು ಎರಡೂವರೆ ಕಿಲೋ ಹಿಡಿದರೆ ಇಪ್ಪತ್ತಾರು ಟನ್, ಅದೂ ಒಣಗಿದ್ದಾಗ. ಈ ಭಾರ ಪಕ್ಕಾಸು, ರೀಪುಗಳ ಮೇಲೆ ಕೂತು ಕಂಬಕ್ಕೆ ಇಳಿಯಬೇಕು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಯಿತೆಂದು ಪೀಠಿಕೆಯಲ್ಲಿ ಎಲ್ಲರೂ ಬರೆಯುತ್ತಾರೆ; ಹಂಚಿನ ತೂಕವನ್ನು ಯಾರೂ ಬರೆಯುವುದಿಲ್ಲ.

ಬಿಸಿಲಿನ ಚಿತ್ರವನ್ನೂ ಬೇರೆಯವರ ಶೀಟಿನಿಂದ ನಕಲು ಮಾಡಬೇಡಿ. ಮಂಗಳೂರು ಹದಿಮೂರು ಡಿಗ್ರಿ ಉತ್ತರದ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಜೂನಿನಲ್ಲಿ ಹತ್ತು ಡಿಗ್ರಿಯಷ್ಟು ಉತ್ತರಕ್ಕೇ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ, 54 ಡಿಗ್ರಿ ಎತ್ತರದಲ್ಲಿ. ಜೂನಿನಲ್ಲಿ ಮೋಡ, ನೈಋತ್ಯದ ಗಾಳಿ, ಓರೆ ಮಳೆ. ಹಾಗಾಗಿ ಪಶ್ಚಿಮದ ಉದ್ದ ಸೂರು ಬಿಸಿಲಿಗೆಷ್ಟೋ ಮಳೆಯ ಎರಚಲಿಗೂ ಅಷ್ಟೇ. ಸೂರ್ಯನ ಕೋನ ಮಾತ್ರ ಹಾಕಿ ಸೂರಿನ ಅಗಲ ತೀರ್ಮಾನಿಸಿದವರ ವರಾಂಡ ಜೂನ್ ಮೊದಲ ವಾರವೇ ಒದ್ದೆ.

ವೇಳಾಪಟ್ಟಿಯನ್ನು ಹಿಂದಿನಿಂದ ಎಣಿಸಿ. ಕೊನೆಯ ವಾರ ಪ್ರಿಂಟು. ಅದಕ್ಕೂ ಹಿಂದಿನದು ಮಾಡೆಲ್. ಮೇ ಕೊನೆಯ ಮಂಗಳೂರಿನ ಹವೆಯಲ್ಲಿ ಫೆವಿಕಾಲ್ ಒಣಗಲು ದುಪ್ಪಟ್ಟು ಹೊತ್ತು, ಫೋಮ್ ಬೋರ್ಡ್ ರಾತ್ರಿ ಬೆಳಗಾಗುವುದರೊಳಗೆ ಹಪ್ಪಳದಂತೆ ಬಾಗಿರುತ್ತದೆ. ಮಾಡೆಲಿನ ತಳಕ್ಕೆ ಪ್ಲೈವುಡ್ಡೇ ಇರಲಿ. ರೆಂಡರಿಂಗಿಗೆ ಎರಡು ವಾರ, ಡ್ರಾಯಿಂಗಿಗೆ ನಾಲ್ಕು, ಡಿಸೈನಿಗೆ ಐದು. ಹೀಗೆ ಹಿಂದೆ ಬಂದರೆ ಓದಿಗೆ, ಓಡಾಟಕ್ಕೆ ಉಳಿಯುವುದು ಮೂರೇ ವಾರ. ಹತ್ತು ಭೇಟಿಗಳಲ್ಲಿ ಆರನ್ನಾದರೂ ಸೆಮಿಸ್ಟರಿಗೆ ಮೊದಲೇ, ರಜೆಯಲ್ಲೇ ಮುಗಿಸಿರಬೇಕು ಎನ್ನುವುದು ಈ ಕೂಡು–ಕಳೆಯುವಿಕೆಯಿಂದ. ಗೈಡ್ ಜೊತೆಗಿನ ಪ್ರತಿ ಮಾತುಕತೆ ಮುಗಿದ ಕೂಡಲೇ ಒಪ್ಪಿದ್ದೇನು ಎಂದು ಎರಡು ಸಾಲು ಬರೆದು ಸರ್‌ಗೋ ಮೇಡಂಗೋ ಕಳಿಸಿಬಿಡಿ. ಮೂರು ವಾರದ ಮೇಲೆ ಅವರಿಗೂ ನಿಮಗೂ ನೆನಪಿರುವುದು ಬೇರೆ ಬೇರೆ.

ಡ್ರಾಯಿಂಗ್ ಶುರು ಮಾಡುವ ದಿನ ಪ್ಲಾನ್ ಬದಿಗಿಟ್ಟು 1:50ರಲ್ಲಿ ಒಂದು ಸೆಕ್ಷನ್ ಎಳೆಯಿರಿ. ಎಡಕ್ಕೆ ನದಿ, ಉಬ್ಬರದ ಗೆರೆ, ಇಳಿತದ ಗೆರೆ, ಎರಡೂ ನೀವೇ ಅಳೆದು ತಂದದ್ದು. ಆಮೇಲೆ ದಕ್ಕೆಯ ಅಂಚು, ಬೋಟಿನ ಪಕ್ಕೆ, ಇಳಿಜಾರಿನ ಒದ್ದೆ ನೆಲ, ಜಾಲರಿ ಇರುವ ಚರಂಡಿ, ಕಂಬ, ಸೂರು. ಸೂರಿನ ಕೆಳಗೆ ಒಬ್ಬಳು ಹೆಂಗಸನ್ನು ನಿಲ್ಲಿಸಿ, ತಲೆಯ ಮೇಲೆ ಬುಟ್ಟಿ ಇಟ್ಟು, ಬುಟ್ಟಿಯ ಮೇಲಿನ ಅಂಚಿನವರೆಗೆ ಅಳೆಯಿರಿ. ಎರಡು ಮೀಟರಿನ ಹತ್ತಿರ ಬರುತ್ತದೆ. ಪುಸ್ತಕದಿಂದ ಎತ್ತಿದ 2.1 ಮೀಟರಿನ ಸೂರನ್ನು ಅಳಿಸಿ, ಎತ್ತರಿಸಿ, ಎರಚಲು ಒಳಗೆ ಬಾರದಂತೆ ಇನ್ನಷ್ಟು ಮುಂದಕ್ಕೆ ಚಾಚಿ.